ಶಾಲು ಆದಿನಾರಾಯಣ ದೊಡ್ಡವರನ್ನು ಕಂಡದ್ದು

ಹಲಸೂರು ಮಾರ್ಕೆಟ್ಟಿನ ಹತ್ತಿರ ನಿಂತು ಆದಿನಾರಾಯಣನ ಅಂಗಡಿ ಎಲ್ಲಿ ಎಂದು ಕೇಳಿದರೆ, "ಯಾರು, ಶಾಲು ಆದಿನಾರಾಯಣನಾ?" ಎಂದು ತಿರುಗಿ ಕೇಳುತ್ತಾರೆ. ಹಾಗೆ ಕೇಳುವವರ ತುಟಿಯ ತುದಿಯಲ್ಲಿ ಒಂದು ನಗು ಇರುತ್ತದೆ. ಆ ನಗು ಊರಿಗೆಲ್ಲ ಕಂಡರೂ ಆದಿನಾರಾಯಣನಿಗೆ ಮಾತ್ರ ಈವರೆಗೆ ಕಂಡಿಲ್ಲ. ಅವನ ಹೆಂಡತಿ ಪದ್ಮಶ್ರೀಗೆ ಮದುವೆಯಾದ ಹೊಸದರಲ್ಲೇ ಕಂಡಿತ್ತು. ಮೊದಮೊದಲು ನಗುವವರ ಮೇಲೆ ಅವಳಿಗೆ ಸಿಟ್ಟು ಬರುತ್ತಿತ್ತು. ಬರಬರುತ್ತ ಅವಳೂ ಹಾಗೇ ನಗುವುದನ್ನು ಕಲಿತಳು.

ಅವನದು ಸನ್ಮಾನದ ಸಾಮಾನಿನ ಅಂಗಡಿ. ಶಾಲು, ಮೈಸೂರು ಪೇಟ, ಗಂಧದ ಹಾರ, ಗಾಜಿನ ಫಲಕ, ಬಣ್ಣದ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಯಾವನೋ ಒಬ್ಬನನ್ನು ವೇದಿಕೆಯ ಮೇಲೆ ಕೂರಿಸಿ ಅರ್ಧ ಗಂಟೆಯಲ್ಲಿ ದೊಡ್ಡ ಮನುಷ್ಯನನ್ನಾಗಿ ಮಾಡಲು ಏನೇನು ಬೇಕೋ ಅಷ್ಟೂ ಅಲ್ಲಿ ಸಿಗುತ್ತದೆ. ಶಾಲು ಶಿವಾಜಿನಗರದಿಂದ ಬರುತ್ತದೆ. ಪೇಟ ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲೇ ತಯಾರು. ಕಟ್ಟುವವಳು ಪದ್ಮಶ್ರೀ. ರಟ್ಟಿನ ಅಚ್ಚಿನ ಮೇಲೆ ಜರಿಯಂಚಿನ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಸುತ್ತಿ, ಮಡಿಕೆ ಬಿಚ್ಚದಂತೆ ಒಳಗಿನಿಂದ ಹೊಲಿಗೆ ಹಾಕುತ್ತಾಳೆ. ಅವಳ ಕೈಯ ಪೇಟ ಎಂಥೆಂಥ ತಲೆಗಳ ಮೇಲೆ ಕೂತಿದೆ ಎಂದರೆ ಹೇಳಲು ನಾಚಿಕೆಯಾಗಬೇಕು. ಕೆರೆ ನುಂಗಿದವನ ತಲೆ, ಶಾಲೆಯ ಮೈದಾನಕ್ಕೆ ಬೇಲಿ ಹಾಕಿಕೊಂಡವನ ತಲೆ, ಮನೆಯಲ್ಲಿ ಹೆಂಡತಿಗೆ ಬಾರಿಸಿ ಬಂದು ಮಹಿಳಾ ದಿನಾಚರಣೆಯಲ್ಲಿ ಭಾಷಣ ಬಿಗಿದವನ ತಲೆ. ಕಾರ್ಯಕ್ರಮ ಮುಗಿದ ಮೇಲೆ ಆ ಪೇಟ ವೇದಿಕೆಯ ಕುರ್ಚಿಯ ಕೆಳಗೇ ಬಿದ್ದಿರುತ್ತದೆ. ಆದಿನಾರಾಯಣ ಅದನ್ನು ಎತ್ತಿಕೊಂಡು ಬಂದು ಧೂಳು ಕೊಡವಿ ಮತ್ತೆ ಮಾರುತ್ತಾನೆ.

ಮಾರಿಕೊಂಡು ಸುಮ್ಮನಿದ್ದರೆ ಅದೂ ಒಂದು ವ್ಯಾಪಾರ, ಯಾರೂ ನಗುತ್ತಿರಲಿಲ್ಲ. ಆದರೆ ಅವನಿಗೆ ಶಾಲನ್ನು ತಾನೇ ಹೊದಿಸಬೇಕು. ಸ್ಕೂಟರಿನ ಡಿಕ್ಕಿಯಲ್ಲಿ ಸದಾ ಒಂದು ಶಾಲು, ಒಂದು ಪೇಟ. ಇಂದಿರಾನಗರದಲ್ಲಿ ಹೊಸ ಹೋಟೆಲಿನ ಉದ್ಘಾಟನೆ, ಲಿಂಗರಾಜಪುರದಲ್ಲಿ ಗಣೇಶನ ಪೆಂಡಾಲು, ಕೆ.ಆರ್. ಪುರದಲ್ಲಿ ಯಾರದೋ ಅಜ್ಜಿಯ ತಿಥಿ, ಎಲ್ಲೇ ಆಗಲಿ, ಒಬ್ಬ ಮುಖಂಡ ಕಾರಿನಿಂದ ಇಳಿದನೆಂದರೆ ಸಾಕು, ಜನರ ಕಂಕುಳ ಕೆಳಗೆ ನುಸುಳಿಕೊಂಡು ಹೋಗಿ ಹೊದಿಸಿಯೇ ಬಿಡುತ್ತಿದ್ದ. ಸಾವಿನ ಮನೆಯಲ್ಲೂ ಹೊದಿಸಿದ್ದಾನೆ. ಅಂಗಡಿಯ ಗೋಡೆಯ ತುಂಬ ಆ ಫೋಟೋಗಳು. ಪ್ರತಿಯೊಂದರಲ್ಲೂ ಮಧ್ಯದಲ್ಲಿ ಯಾರೋ, ಅಂಚಿನಲ್ಲಿ ಆದಿನಾರಾಯಣ. ಒಂದರಲ್ಲಿ ಅವನ ಮೊಣಕೈ ಮಾತ್ರ ಬಂದಿದೆ. ಅದಕ್ಕೂ ಫ್ರೇಮು ಹಾಕಿಸಿದ್ದಾನೆ.

ಅವನ ಬಾಯಲ್ಲಿ ಸದಾ ಓಡಾಡುವ ಮಾತು ಒಂದೇ: ದೊಡ್ಡೋರು. ದೊಡ್ಡೋರು ಫೋನ್ ಮಾಡಿದ್ರು, ದೊಡ್ಡೋರು ಬರ್ತಿದಾರೆ, ದೊಡ್ಡೋರು ನನ್ನ ಕಡೆ ನೋಡಿ ನಕ್ರು. ಮಗಳು ಹೇಮಶ್ರೀಯ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಅವನು ಛತ್ರದ ಗೇಟಿನಲ್ಲಿ ಯಾವನೋ ಮಾಜಿ ಶಾಸಕನ ದಾರಿ ಕಾಯುತ್ತಿದ್ದ. ಪುರೋಹಿತರು ಮೂರು ಸಲ ಕೂಗಿದರು. ಕೊನೆಗೆ ಪದ್ಮಶ್ರೀಯ ತಮ್ಮನೇ ಕೂತು ಧಾರೆ ಎರೆದ. ಆ ಮಾಜಿ ಬರಲೇ ಇಲ್ಲ. ಮನುಷ್ಯ ಅಂದಮೇಲೆ ಸ್ವಲ್ಪವಾದರೂ ನಾಚಿಕೆ ಬೇಡವೇ?

ಪದ್ಮಶ್ರೀ ಗಂಡನ ಹತ್ತಿರ ಸೀರೆ ಒಡವೆ ಕೇಳಿದವಳಲ್ಲ. ಒಂದನ್ನು ಮಾತ್ರ ಕೇಳಿದ್ದಳು. ಅವಳು ಹುಟ್ಟಿ ಬೆಳೆದದ್ದು ಕೆ.ಆರ್. ಪುರದಲ್ಲಿ. ಚಿಕ್ಕವಳಿದ್ದಾಗ ಬೀದಿಗೆ ಒಂದು ಆನೆ ಬಂದಿತ್ತು. ಹಣೆಗೆ ನಾಮ ಬಳಿದು ಮಾವುತ ಮನೆಮನೆಯ ಮುಂದೆ ಅದನ್ನು ನಿಲ್ಲಿಸುತ್ತಿದ್ದ. ತಾಯಿ ಗೋವಿಂದಮ್ಮ ನಾಣ್ಯ ಕೊಟ್ಟಾಗ ಅದು ಸೊಂಡಿಲನ್ನು ಮಗುವಿನ ತಲೆಯ ಮೇಲಿಟ್ಟಿತು. ಎಲ್ಲರೂ ಕೈ ಮುಗಿದರು. ಪದ್ಮಶ್ರೀಯ ಕಣ್ಣು ಮಾತ್ರ ಅದರ ಕಾಲಿನ ಸರಪಳಿಯ ಮೇಲಿತ್ತು. ಸರಪಳಿ ಇಲ್ಲದ ಆನೆ ಹೇಗೆ ನಡೆಯುತ್ತದೆ ಎಂದು ಅಂದು ತಾಯಿಯನ್ನು ಕೇಳಿದ್ದಳು. ಕಾಡಿಗೆ ಹೋಗಿ ನೋಡಬೇಕು ಎಂದಿದ್ದಳು ತಾಯಿ. ಮದುವೆಯಾದ ವಾರದಲ್ಲಿ ಆ ಆಸೆಯನ್ನು ಗಂಡನ ಮುಂದೆ ಹೇಳಿದಾಗ, "ಅಷ್ಟೇನಾ? ಮುಂದಿನ ತಿಂಗಳೇ ಹೋಗೋಣ" ಎಂದಿದ್ದ. ಆ ಮುಂದಿನ ತಿಂಗಳು ಬರಲೇ ಇಲ್ಲ. ಒಂದು ಸಲ ಯಾರದೋ ಹುಟ್ಟುಹಬ್ಬ ಅಡ್ಡ ಬಂತು, ಇನ್ನೊಂದು ಸಲ ಯಾರದೋ ರೋಡ್ ಶೋ. ಒಮ್ಮೆಯಂತೂ ಬ್ಯಾಗು ತುಂಬಿಟ್ಟು, ಪುಳಿಯೋಗರೆ ಕಟ್ಟಿಟ್ಟ ಮೇಲೆ, ಬಾಗಿಲಿನಿಂದಲೇ ವಾಪಸು ಹೋದ. ಆ ಪುಳಿಯೋಗರೆಯನ್ನು ಅವಳು ಒಬ್ಬಳೇ ಕೂತು ತಿಂದಳು.

ಹೀಗಿರುವಾಗ ಈ ವರ್ಷ ಒಂದು ಸಂಜೆ ಅವನೇ ಬಂದು, "ನಾಳಿದ್ದು ಬೆಟ್ಟಕ್ಕೆ ಹೋಗೋಣ ಕಣೇ. ಬಿಳಿಗಿರಿರಂಗನ ಬೆಟ್ಟ. ಎರಡು ದಿನ ಇದ್ದು ಬರೋಣ. ನಿನಗೆ ಆನೆ ನೋಡ್ಬೇಕು ಅಂತಿತ್ತಲ್ಲ?" ಎಂದ.

ನೆನಪಿಟ್ಟುಕೊಂಡಿದ್ದಾನಲ್ಲ ಎಂದು ಅವಳ ಎದೆ ಒಂದು ಕ್ಷಣ ಉಬ್ಬಿತು. ಆ ಉಬ್ಬು ಕಾರು ಕನಕಪುರ ದಾಟುವವರೆಗೆ ಮಾತ್ರ ಉಳಿಯಿತು.

ಕಾರು ಬಾಡಿಗೆಯದು, ಓಡಿಸುವವನು ಶಿವಾಜಿನಗರದ ಮುನೀರ್. ಡಿಕ್ಕಿ ತೆಗೆದು ಬ್ಯಾಗು ಇಡುವಾಗಲೇ ಪದ್ಮಶ್ರೀ ನೋಡಿದ್ದಳು. ಎರಡು ಶಾಲು, ಒಂದು ಪೇಟ, ಒಂದು ದೊಡ್ಡ ಹಣ್ಣಿನ ಬುಟ್ಟಿ ಅವಳ ಬ್ಯಾಗಿಗಿಂತ ಮೊದಲೇ ಜಾಗ ಹಿಡಿದಿದ್ದವು.

"ಇದೆಲ್ಲ ಯಾಕ್ರೀ? ಆನೆಗೆ ಹೊದಿಸ್ತೀರಾ?" ಎಂದಳು.

ಅವನು ನಕ್ಕು, ಕನಕಪುರ ದಾಟಿದ ಮೇಲೆ ವಿಷಯ ಬಿಟ್ಟ. ಪಾಲಿಕೆ ಚುನಾವಣೆ ಇವತ್ತು ನಾಳೆ ಎನ್ನುತ್ತಲೇ ಇದೆ. ಅವನಿಗೆ ಹಲಸೂರಿನ ಟಿಕೆಟ್ ಬೇಕು. ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವ ಸಾಹೇಬರ ಬಂಗಲೆಯೊಂದು ಆ ಬೆಟ್ಟದಲ್ಲಿದೆ. ಅವರು ಎರಡು ದಿನ ವಿಶ್ರಾಂತಿಗೆ ಬರುತ್ತಾರಂತೆ. "ಬೆಂಗಳೂರಲ್ಲಿ ಅವರ ಹತ್ರ ನೂರು ಜನ ಇರ್ತಾರೆ. ಕಾಡಲ್ಲಿ ಒಬ್ರೇ ಸಿಗ್ತಾರೆ. ಫ್ಯಾಮಿಲಿ ಜೊತೆ ಟೂರ್ ಬಂದಿದ್ದೆ, ಅಕಸ್ಮಾತ್ ನೋಡ್ದೆ ಅಂದ್ರೆ ಚೆನ್ನಾಗಿರುತ್ತೆ."

ಅಂದರೆ ತಾನು ಆ ಫ್ಯಾಮಿಲಿ. ಹಣ್ಣಿನ ಬುಟ್ಟಿಯ ಜೊತೆಗಿರುವ ಇನ್ನೊಂದು ಸಾಮಾನು. ಪದ್ಮಶ್ರೀ ಕಿಟಕಿಯ ಕಡೆ ತಿರುಗಿ ಕೂತಳು. ಇವನನ್ನು ಬೈಯುವುದೂ ದಂಡ ಎಂದು ಅವಳಿಗೆ ಯಾವತ್ತೋ ಗೊತ್ತಾಗಿತ್ತು. ಹೇಗೆ ಬಂದರೇನು, ಕಾಡಿಗೆ ಬಂದಂತಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಯಳಂದೂರು ದಾಟಿ ಘಾಟಿ ಹತ್ತತೊಡಗಿದ ಮೇಲೆ ಅವಳಿಗೆ ಗಂಡ ಪಕ್ಕದಲ್ಲಿರುವುದೇ ಮರೆತುಹೋಯಿತು. ರಸ್ತೆಯ ಎರಡೂ ಕಡೆ ಬಿದಿರು ಬಾಗಿತ್ತು. ಒಂದು ತಿರುವಿನಲ್ಲಿ ಜಿಂಕೆಗಳ ಹಿಂಡು ತಲೆಯೆತ್ತಿ ನೋಡಿ, ಇವರಿಂದ ಏನೂ ಆಗಬೇಕಾದ್ದಿಲ್ಲ ಎಂಬಂತೆ ಮತ್ತೆ ಮೇಯತೊಡಗಿತು. ಕೆಳಗೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ತೆಳು ನೀಲಿಯ ಇನ್ನೊಂದು ಬೆಟ್ಟ. ಅವಳು ಕಿಟಕಿ ಇಳಿಸಿ ಆ ತಣ್ಣನೆ ಗಾಳಿಯನ್ನು ಮುಖದ ತುಂಬ ತೆಗೆದುಕೊಂಡಳು.

"ಏನಿದೆ ಇಲ್ಲಿ? ಬರೀ ಮರ," ಎಂದ ಆದಿನಾರಾಯಣ. ಅವನ ಫೋನಿನಲ್ಲಿ ಸಿಗ್ನಲ್ ಹೋಗಿತ್ತು. ಸಿಗ್ನಲ್ ಹೋದ ಕೂಡಲೇ ಅವನ ಮುಖದ ಕಳೆ ಹೋಯಿತು. ಅಂಥ ಬೆಟ್ಟದ ನಡುವೆ ಕೂತು ಆ ಪುಟ್ಟ ಗಾಜನ್ನು ಒರೆಸಿ ಒರೆಸಿ ನೋಡುತ್ತಿದ್ದ. ದೇವರು ಕಣ್ಣು ಕೊಟ್ಟದ್ದು ಇಂಥವರಿಗೆ ದಂಡ.

ಉಳಿದುಕೊಂಡದ್ದು ಕಾಡಿನ ಸೋಲಿಗರ ಹಾಡಿಯ ಹತ್ತಿರದ ಒಂದು ಸಣ್ಣ ಹೋಂಸ್ಟೇಯಲ್ಲಿ. ಸಾಹೇಬರು ಅಂದು ಬರಲಿಲ್ಲ. ಆದಿನಾರಾಯಣ ಸಂಜೆಯೆಲ್ಲ ಹಿತ್ತಲಿನ ಬಂಡೆ ಹತ್ತಿ, ಫೋನು ಮೇಲೆತ್ತಿ ಹಿಡಿದು, ಆಕಾಶಕ್ಕೆ ಆರತಿ ಎತ್ತುವವನ ಹಾಗೆ ಸುತ್ತುತ್ತಿದ್ದ. ಪದ್ಮಶ್ರೀ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಳು. ಅಡುಗೆಯಾಕೆ ಸೋಲಿಗರವಳು, ಹೆಸರು ಕೇತಮ್ಮ, ಮಾತುಗಾರ್ತಿ. "ಇಲ್ಲಿ ಆನೆ ಕಾಣಿಸುತ್ತಾ?" ಎಂದು ಪದ್ಮಶ್ರೀ ಕೇಳಿದ್ದೇ ತಡ, ಕೇತಮ್ಮ ಬಾಯಿಯ ಮೇಲೆ ಬೆರಳಿಟ್ಟಳು.

"ಹಂಗೆ ಹೆಸ್ರು ಹಿಡ್ದು ಕರೀಬ್ಯಾಡಿ ಕನವ್ವಾ. ಕೇಳುಸ್ಕೊಂಡು ಬಂದ್ಬುಡ್ತರ. ಇಲ್ಲೆಲ್ಲ ನಾವು ದೊಡ್ಡೋರು ಅಂತೀವಿ."

ಪದ್ಮಶ್ರೀಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಕೇತಮ್ಮನಿಗೆ ಯಾಕೆಂದು ತಿಳಿಯದಿದ್ದರೂ ಅವಳೂ ಜೊತೆಗೆ ನಕ್ಕಳು. ಬಂಡೆಯ ಮೇಲಿದ್ದ ಆದಿನಾರಾಯಣನಿಗೆ ಇದೊಂದೂ ಕೇಳಿಸಲಿಲ್ಲ.

ಬೆಳಿಗ್ಗೆ ಅವನು ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಸಿದ್ಧನಾದ. ಬಂಗಲೆಯ ಗೇಟಿನ ಹತ್ತಿರವೇ ಹೋಗಿ ಕಾಯುವುದೆಂದು ತೀರ್ಮಾನವಾಯಿತು. ಸಾಹೇಬರು ಎತ್ತ ಹೊರಟರೂ ಹಿಂದೆಯೇ ಹೋಗಲು ಅನುಕೂಲವಾಗಲೆಂದು ಅವನು ಬ್ಯಾಗನ್ನೂ ಡಿಕ್ಕಿಗೆ ಹಾಕಿಸಿದ, ಮೂವರೂ ಕಾರಿನಲ್ಲಿ ಹೊರಟರು. ಅರ್ಧ ದಾರಿಯಲ್ಲಿ, ಕೆರೆಯ ಮೇಲಿನ ತಿರುವಿನಲ್ಲಿ, ಒಬ್ಬ ಕಾವಲುಗಾರ ಕೈ ಅಡ್ಡ ಹಿಡಿದು ನಿಲ್ಲಿಸಿದ. ಎಲೆಯಡಿಕೆ ಜಗಿಯುತ್ತಿದ್ದ ವಯಸ್ಸಾದ ಮನುಷ್ಯ. ಹೆಸರು ಜಡೇಗೌಡ ಎಂದು ಆಮೇಲೆ ತಿಳಿಯಿತು.

"ಗಾಡಿ ನಿಲ್ಸಿ ಸಾ. ದೊಡ್ಡೋರು ಬತ್ತಾವ್ರೆ."

ಆದಿನಾರಾಯಣ ಕೂತಲ್ಲೇ ಅರ್ಧ ಎದ್ದ. "ದೊಡ್ಡೋರಾ? ಬಂದೇಬಿಟ್ರಾ?"

"ರಾತ್ರಿನೇ ಬಂದವ್ರೆ. ಅವ್ರು ದಾಟಗಂಟ ಗಾಡಿ ಬುಡಾಕಿಲ್ಲ."

"ಜೊತೇಲಿ ಯಾರಿದಾರೆ?"

"ಒಬ್ರೇಯ. ಒಬ್ರೇ ಇದ್ರೇನೇ ಹುಷಾರಾಗಿರ್ಬೇಕು."

"ಗೊತ್ತು ಗೊತ್ತು. ಮೂಡ್ ಹೇಗಿದೆ?"

"ಸಿಟ್ಟಲ್ಲವ್ರೆ. ನೆನ್ನೆ ಒಂದು ಜೀಪಿನ ಗಾಜು ಒಡ್ದಾಕುದ್ರು."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗಾದರೂ ಅನುಮಾನ ಬರಬೇಕಿತ್ತು. ಆದಿನಾರಾಯಣನಿಗೆ ಬರಲಿಲ್ಲ. ಮೈಕು ಎಸೆಯುವವರನ್ನು, ಕಾರ್ಯಕರ್ತರ ಕೆನ್ನೆಗೆ ಬಾರಿಸುವವರನ್ನು ಎಷ್ಟು ಕಂಡಿಲ್ಲ ಅವನು. "ಯಾರ ಮೇಲೆ ಸಿಟ್ಟಂತೆ?" ಎಂದು ಮಾತ್ರ ಕೇಳಿದ.

"ಯಾರು ಎತ್ತ ಅಂತ ನೋಡ್ತಾರಾ ಅವ್ರು?" ಎಂದು ಜಡೇಗೌಡ ಎಲೆಯಡಿಕೆ ಉಗಿದು, ಇಂಥವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದುಕೊಂಡು ತಿರುವಿನ ಆಚೆಗೆ ನೋಡಲು ದಿಬ್ಬ ಹತ್ತಿದ.

ಪದ್ಮಶ್ರೀ ಕಾರಿನಿಂದ ಇಳಿದು ನಿಂತಿದ್ದಳು. ಮುಂದೆ ರಸ್ತೆಯ ಮೇಲೆ ಹಸಿ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಬಿದಿರು ಮುರಿಯುವ ಸದ್ದು ಕೇಳುತ್ತಿತ್ತು. ಅವಳಿಗೆ ಎಲ್ಲವೂ ತಿಳಿದಿತ್ತು. ಗಂಡ ಡಿಕ್ಕಿ ತೆಗೆದು, ಹೆಗಲ ಮೇಲೆ ಶಾಲು ಹಾಕಿಕೊಂಡು, ಒಂದು ಕೈಯಲ್ಲಿ ಪೇಟ, ಇನ್ನೊಂದು ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಅವಳ ಪಕ್ಕದಲ್ಲೇ ಹಾದುಹೋದ. ರೀ, ಅದು ಆನೆ, ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತು ನಾಲಗೆಯ ತುದಿಗೂ ಬಂತು. ಅವಳು ಅದನ್ನು ನುಂಗಿಕೊಂಡಳು. ಜೀವಮಾನವೆಲ್ಲ ಸಿಕ್ಕಸಿಕ್ಕವರ ಮುಂದೆ ಬಾಗಿದವನು ಇವತ್ತು ಒಂದು ಸಲವಾದರೂ ನಿಜವಾಗಿಯೂ ದೊಡ್ಡವರ ಮುಂದೆ ಬಾಗಲಿ ಎಂದು ಅವಳಿಗೆ ಆಸೆಯಾಯಿತು. ಅಪಾಯದ ಯೋಚನೆ ಬರಲಿಲ್ಲ ಎಂದಲ್ಲ. ಬಂದರೂ ಸುಮ್ಮನಿದ್ದಳು.

ಆದಿನಾರಾಯಣ ತಿರುವಿನಲ್ಲಿ ನಿಂತು, ಮುಖದ ತುಂಬ ನಗು ತಂದುಕೊಂಡು, ಸೊಂಟ ಬಗ್ಗಿಸಿ, "ನಮಸ್ಕಾರ ಸಾರ್, ನಾನು ಹಲಸೂರಿನ..." ಎಂದ. ಬಿದಿರು ಎರಡಾಗಿ ಸರಿದು ಸಲಗ ಹೊರಗೆ ಬಂತು.

ಮುಂದಿನದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಯಿತು. ಬುಟ್ಟಿ ಬಿತ್ತು, ಪೇಟ ಉರುಳಿತು, ಶಾಲು ಜಾರಿತು. ಆದಿನಾರಾಯಣ ಪಂಚೆ ಎತ್ತಿ ಹಿಡಿದು ಓಡಿ ಬಂದ. ಹೆಂಡತಿಯನ್ನು ದಾಟಿಕೊಂಡೇ ಓಡಿದ. ದಾಟುವಾಗ ಅವಳ ಭುಜಕ್ಕೆ ಅವನ ಮೈ ತಾಗಿತು. ನಿಲ್ಲಲಿಲ್ಲ. ಕಾರು ಹೊಕ್ಕು ಬಾಗಿಲು ಎಳೆದುಕೊಂಡ. ಪದ್ಮಶ್ರೀ ಹಿಂದೆಯೇ ಓಡಿ ಬಂದು ಹಿಡಿ ಎಳೆದಳು. ಬಾಗಿಲು ತೆರೆಯಲಿಲ್ಲ.

"ಸಾರ್, ಅಮ್ಮ ಹೊರಗಡೆ ಅವ್ರೆ!" ಎಂದು ಮುನೀರ್ ಕೂಗಿದ್ದು ಗಾಜಿನ ಆಚೆಯಿಂದ ಕೇಳಿಸಿತು.

"ಲಾಕ್ ತೆಗೀಬೇಡ! ಹತ್ರ ಬಂತು, ತೆಗೀಬೇಡ ಮಾರಾಯ!" ಎಂದು ಗಂಡನ ದನಿ. ಅವನು ಮುಂದಕ್ಕೆ ಬಗ್ಗಿ ಮುನೀರನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಗಾಜಿನ ಮೂಲಕ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ನೋಡಿದ. ನೋಡಿ ತಲೆ ತಗ್ಗಿಸಿದ.

"ಅಲ್ಲಾಡ್ಬ್ಯಾಡಿ ಕನವ್ವಾ! ನಿಂತಲ್ಲೇ ನಿಂತ್ಕಳಿ!" ಎಂದು ದಿಬ್ಬದ ಮೇಲಿನಿಂದ ಜಡೇಗೌಡ ಹೇಳಿದ. ಅವಳು ಕಾರಿಗೆ ಬೆನ್ನು ಒತ್ತಿ ನಿಂತಳು.

ಆನೆ ಬುಟ್ಟಿಯ ಹತ್ತಿರ ನಿಂತಿತು. ಪ್ಲಾಸ್ಟಿಕ್ ಹಾಳೆಯನ್ನು ಕಾಲಿನಿಂದ ಒತ್ತಿ ಹರಿದು ಸೇಬು, ಮೂಸಂಬಿ, ದಾಳಿಂಬೆ ಒಂದೊಂದನ್ನೇ ಬಾಯಿಗೆ ಹಾಕಿಕೊಂಡಿತು. ಪೇಟ ಅದರ ಕಾಲಿನಡಿ ಅಪ್ಪಚ್ಚಿಯಾಯಿತು. ಆಮೇಲೆ ಶಾಲನ್ನು ಸೊಂಡಿಲಲ್ಲಿ ಎತ್ತಿ, ಮೂಸಿ, ಮಣ್ಣು ಎರಚಿಕೊಳ್ಳುವ ಹಾಗೆ ತನ್ನ ಬೆನ್ನ ಮೇಲೆ ತಾನೇ ಎಸೆದುಕೊಂಡಿತು. ಯಾರ ಕೈಯಿಂದಲೂ ಹೊದಿಸಿಕೊಳ್ಳಬೇಕಾದ ಗರಜು ಅದಕ್ಕಿರಲಿಲ್ಲ. ಕಾರನ್ನೂ ಅವಳನ್ನೂ ಒಂದು ಸಲ ನೋಡಿತು. ಪದ್ಮಶ್ರೀ ಕಣ್ಣು ಮುಚ್ಚಲಿಲ್ಲ. ಅದು ತಿರುಗಿ ರಸ್ತೆ ದಾಟಿತು. ಅಷ್ಟು ದೊಡ್ಡ ದೇಹ, ಒಂದು ಚೂರು ಸದ್ದಿಲ್ಲ. ಕಾಲಿನಲ್ಲಿ ಏನೂ ಇರಲಿಲ್ಲ. ಯಾರನ್ನೂ ಕೇಳದೆ, ಯಾರಿಗೂ ಕಾಯದೆ ನಡೆದುಕೊಂಡು ಕೆರೆಯ ಕಡೆಗೆ ಇಳಿದುಹೋಯಿತು. ಹೀಗೆ ನಡೆಯುತ್ತದೆ ಎಂದು ಪದ್ಮಶ್ರೀ ತನ್ನಷ್ಟಕ್ಕೆ ಹೇಳಿಕೊಂಡಳು.

ಕಾರಿನ ಬಾಗಿಲು ತೆರೆದು ಮೊದಲು ಇಳಿದವನು ಮುನೀರ್. ಅವನ ಮುಖ ಕೆಂಪಗಿತ್ತು. "ಮಾಫ್ ಮಾಡಿ ಅಮ್ಮಾ, ನಾನು ತೆಗೀತಾ ಇದ್ದೆ. ಸಾರ್ ಕೈ ಬಿಡ್ಲಿಲ್ಲ," ಎಂದ.

ಆದಿನಾರಾಯಣ ಆಮೇಲೆ ಇಳಿದ. ನಾಲ್ಕೂ ದಿಕ್ಕು ನೋಡಿಕೊಂಡ. "ಏನೂ ಆಗಿಲ್ಲ ತಾನೆ?" ಎಂದ. ಉತ್ತರಕ್ಕೆ ಕಾಯದೆ, "ಆ ಮುದುಕ ಸರಿಯಾಗಿ ಹೇಳೋದಲ್ವಾ? ಶಾಲು ಹೋಯ್ತು. ಇನ್ನೊಂದು ಡಿಕ್ಕೀಲಿ ಇದ್ಯಲ್ಲ?" ಎಂದ.

ಅಷ್ಟರಲ್ಲಿ ಅವನ ಫೋನಿಗೆ ಎಲ್ಲಿಂದಲೋ ಸಿಗ್ನಲ್ ಬಂದು ಒಂದರ ಹಿಂದೊಂದು ಸಂದೇಶ ಬಿದ್ದವು. ಸಾಹೇಬರು ಬೆಟ್ಟಕ್ಕೆ ಬರುವುದಿಲ್ಲವಂತೆ. ಕೊಳ್ಳೇಗಾಲದಲ್ಲಿ ಯಾರದೋ ಮನೆಯಲ್ಲಿ ಊಟ ಮುಗಿಸಿ ಹಾಗೇ ಬೆಂಗಳೂರಿಗೆ ಹೋಗುತ್ತಾರಂತೆ. ಆದಿನಾರಾಯಣನ ಮುಖಕ್ಕೆ ಕಳೆ ವಾಪಸು ಬಂತು. "ಹತ್ತು ಹತ್ತು, ಈಗ ಹೊರಟ್ರೆ ಸಿಗ್ತಾರೆ!"

"ನಾನು ಬರಲ್ಲ," ಎಂದಳು ಪದ್ಮಶ್ರೀ.

"ಏನು?"

"ಎರಡು ದಿನ ಅಂತ ಹೇಳಿ ಕರ್ಕೊಂಡು ಬಂದ್ರಿ. ನಾನು ಎರಡು ದಿನ ಇರ್ತೀನಿ. ನೀವು ಹೋಗಿ."

ಅವನು ಫೋನು ನೋಡಿದ. ಇಳಿಜಾರಿನ ರಸ್ತೆ ನೋಡಿದ. ಅವಳ ಮುಖ ಮಾತ್ರ ನೋಡಲಿಲ್ಲ. "ಸರಿ, ಬಸ್ಸಲ್ಲಿ ಬಂದ್ಬಿಡು ಹಾಗಾದ್ರೆ," ಎಂದು ಕಾರು ಹತ್ತಿದ. ಮುನೀರ್ ಅವಳ ಬ್ಯಾಗು ಇಳಿಸಿಕೊಟ್ಟು ಗಾಡಿ ತಿರುಗಿಸಿದ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಪದ್ಮಶ್ರೀಗೆ ಅಳು ಬಂತು. ತನಗೇಕೆ ಅಳು ಎಂದು ಅವಳಿಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಗಂಡನನ್ನು ನೋಡಿ ಒಳಗೊಳಗೇ ನಗುತ್ತ ಬಂದವಳು ಅವಳು. ಅವನಿಂದ ಏನನ್ನೂ ಬಯಸುವುದು ಬಿಟ್ಟಿದ್ದೇನೆ ಎಂದುಕೊಂಡವಳು. ಆದರೂ ಬಾರೇ ಎಂದು ಒಂದು ಸಲ ಕೈ ಹಿಡಿದು ಎಳೆಯುತ್ತಾನೇನೋ, ಬೈದಾದರೂ ಹತ್ತಿಸಿಕೊಳ್ಳುತ್ತಾನೇನೋ ಎಂದು ಮನಸ್ಸು ಕೊನೆಯ ಗಳಿಗೆಯವರೆಗೂ ಕಾದಿತ್ತು. ತಾನು ನುಂಗಿಕೊಂಡ ಆ ಒಂದು ಮಾತಿಗಾಗಿ ಅವಳಿಗೆ ಬೇಸರವೂ ಆಯಿತು. ಆ ಬೇಸರ ಗಾಜಿನ ಆಚೆ ತಗ್ಗಿದ ಗಂಡನ ತಲೆ ನೆನಪಾಗುವವರೆಗೆ ಮಾತ್ರ ಇತ್ತು.

ಜಡೇಗೌಡ ದಿಬ್ಬದಿಂದ ಇಳಿದು ಬಂದು ಅಪ್ಪಚ್ಚಿಯಾದ ಪೇಟವನ್ನು ಕಾಲಿನಿಂದ ರಸ್ತೆಯ ಬದಿಗೆ ಸರಿಸಿದ. ಹೋದ ಕಾರಿನ ಕಡೆ ನೋಡಿ, ಇವಳ ಕಡೆ ನೋಡಿದ.

"ಹೋದೋರು ನಿಮ್ ಯಜಮಾನ್ರಾ ಅವ್ವಾ?"

ಪದ್ಮಶ್ರೀ ಕಣ್ಣು ಒರೆಸಿಕೊಂಡು ಬ್ಯಾಗು ಎತ್ತಿಕೊಂಡಳು.

"ಅಂಗಡಿ ಯಜಮಾನ್ರು," ಎಂದಳು. "ಅವರ ಹತ್ರ ನಾನು ಪೇಟ ಕಟ್ಟೋ ಕೆಲಸಕ್ಕಿದ್ದೆ."